ಮೋಡದೊಳಗೆ ಯಾರ ಮಾತು ನಂಬಬೇಕು?

ಮೈಸೂರಿನಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಮೋಡದೊಳಗೆ ಹೊರಗಿನದೇನೂ ಕಾಣದಾಗ ಪೈಲಟ್ ತನ್ನ ದೇಹವನ್ನು ನಂಬಬೇಕೇ, ಎದುರಿನ ಮೀಟರುಗಳನ್ನು ನಂಬಬೇಕೇ ಎಂಬುದು ಇವತ್ತಿನ ವಿಷಯ. ಒಂದು ಕುರ್ಚಿಯಿಂದ ಶುರು ಮಾಡೋಣ. ಆಫೀಸುಗಳಲ್ಲಿ ಇರುತ್ತಲ್ಲ, ಕೂತಲ್ಲೇ ಸುತ್ತುವ ಕುರ್ಚಿ, ಅದೇ ಸಾಕು. ಒಬ್ಬರನ್ನು ಕೂರಿಸಿ, ಕಣ್ಣಿಗೆ ಬಟ್ಟೆ ಕಟ್ಟಿ. ಅವರು ಮುಷ್ಟಿ ಹಿಡಿದು ಹೆಬ್ಬೆರಳು ಎತ್ತಿರಲಿ. ಬಲಕ್ಕೆ ಸುತ್ತುತ್ತಿದ್ದೇನೆ ಅನ್ನಿಸಿದರೆ ಬೆರಳನ್ನು ಬಲಕ್ಕೆ ವಾಲಿಸಬೇಕು, ಎಡಕ್ಕೆ ಅನ್ನಿಸಿದರೆ ಎಡಕ್ಕೆ, ನಿಂತಿದ್ದೇನೆ ಅನ್ನಿಸಿದರೆ ನೆಟ್ಟಗೆ. ಈಗ ಕುರ್ಚಿಯನ್ನು ಮೆಲ್ಲಗೆ, ಒಂದೇ ವೇಗದಲ್ಲಿ ಬಲಕ್ಕೆ ಸುತ್ತಿಸುತ್ತಾ ಹೋಗಿ. ಮೊದಲಿಗೆ ಬೆರಳು ಸರಿಯಾಗಿ ಬಲಕ್ಕೇ ಇರುತ್ತದೆ. ಹತ್ತಿಪ್ಪತ್ತು ಸೆಕೆಂಡು ಕಳೆಯುವಷ್ಟರಲ್ಲಿ ತಾನಾಗಿ ನೆಟ್ಟಗಾಗುತ್ತದೆ. ಕುರ್ಚಿ ಇನ್ನೂ ಸುತ್ತುತ್ತಲೇ ಇದೆ, ಕೂತವರಿಗೆ ಅದು ನಿಂತೇ ಹೋಗಿದೆ. ಆಮೇಲೆ ನಿಜವಾಗಿ ನಿಲ್ಲಿಸಿ. ಬೆರಳು ಎಡಕ್ಕೆ ವಾಲುತ್ತದೆ! ನಿಂತ ಕುರ್ಚಿಯಲ್ಲಿ ಕೂತು ‘ಎಡಕ್ಕೆ ಸುತ್ತುತ್ತಿದ್ದೇನೆ’ ಎಂದು ಅವರು ಪ್ರಾಮಾಣಿಕವಾಗಿ ಹೇಳುತ್ತಾರೆ.

ಮನೆಯಲ್ಲಿ ಮಾಡುವುದಾದರೆ ಪಕ್ಕದಲ್ಲಿ ಇಬ್ಬರು ನಿಂತಿರಿ. ಕತ್ತು ನೋವು, ತಲೆಸುತ್ತು ಇರುವವರನ್ನು ಕೂರಿಸಬೇಡಿ. ಕುರ್ಚಿ ಸುತ್ತುವಾಗ ತಲೆ ಬಗ್ಗಿಸಲು ಮಾತ್ರ ಯಾರಿಗೂ ಹೇಳಬೇಡಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕಾರಣ ಒಳಗಿವಿಯಲ್ಲಿದೆ. ಅಲ್ಲಿ ಮೂರು ಅರೆವೃತ್ತ ನಾಳಗಳಿವೆ, ಒಳಗೆ ದ್ರವ ತುಂಬಿದೆ. ತಲೆ ತಿರುಗಿದಾಗ ನಾಳ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸ ಅಲ್ಲಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ, ಮಿದುಳಿಗೆ ‘ತಿರುಗುತ್ತಿದ್ದೇವೆ’ ಅಂತ ಸುದ್ದಿ ಹೋಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ನಾಳದ ವೇಗಕ್ಕೆ ಬಂದುಬಿಡುತ್ತದೆ, ರೋಮ ನೆಟ್ಟಗಾಗುತ್ತದೆ, ಸುದ್ದಿ ನಿಲ್ಲುತ್ತದೆ. ನಮ್ಮ ಕಿವಿ ತಿರುಗುವಿಕೆಯನ್ನು ಅಳೆಯುವುದಿಲ್ಲ, ಅದರಲ್ಲಾಗುವ ಬದಲಾವಣೆಯನ್ನಷ್ಟೇ ಅಳೆಯುತ್ತದೆ. ಇನ್ನೊಂದು ದೋಷ: ಸೆಕೆಂಡಿಗೆ ಸುಮಾರು 2 ಡಿಗ್ರಿಗಿಂತ ನಿಧಾನವಾಗಿ ವಾಲಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಇದರಲ್ಲಿ ಆಸಕ್ತಿ ಇರುವವರಿಗೆ ನಮ್ಮೂರಲ್ಲೇ ಅನುಕೂಲವಿದೆ. ಕಿವಿಯ ಬಗ್ಗೆ ಕಲಿಯಲು ದೇಶದ ಎಲ್ಲೆಡೆಯಿಂದ ಜನ ಬರುವ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ.

ಈಗ ಅದೇ ಕುರ್ಚಿಯನ್ನು ಆಕಾಶಕ್ಕೆ ಒಯ್ಯೋಣ. ಪೈಲಟ್ ಮೋಡದೊಳಗೆ ಹೋಗಿದ್ದಾರೆ, ಗಾಜಿನಾಚೆ ಬಿಳುಪು ಬಿಟ್ಟು ಏನೂ ಇಲ್ಲ. ವಿಮಾನ ಬಹಳ ನಿಧಾನವಾಗಿ ಎಡಕ್ಕೆ ವಾಲುತ್ತದೆ, ಕಿವಿಗೆ ಸುಳಿವಿಲ್ಲ. ವಾಲಿದ ವಿಮಾನ ತಿರುಗಲು ಶುರುಮಾಡುತ್ತದೆ. ರೆಕ್ಕೆಯ ಎತ್ತುವ ಬಲದ ಒಂದು ಪಾಲು ಪಕ್ಕಕ್ಕೆ ಹೋಗುವುದರಿಂದ ಮೂತಿ ಕೆಳಗಿಳಿಯುತ್ತದೆ, ವೇಗ ಏರುತ್ತದೆ, ಎತ್ತರ ಕರಗುತ್ತದೆ. ಪೈಲಟ್‌ಗೆ ರೆಕ್ಕೆ ಸಮವಾಗಿದೆ ಎಂಬ ಭಾವನೆ. ಸುಮ್ಮನೆ ಕೆಳಗಿಳಿಯುತ್ತಿದ್ದೇನೆ ಎಂದುಕೊಂಡು ಕಂಟ್ರೋಲನ್ನು ತಮ್ಮತ್ತ ಎಳೆಯುತ್ತಾರೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಮೂತಿ ಮೇಲೇಳುವುದಿಲ್ಲ, ತಿರುವು ಇನ್ನೂ ಬಿಗಿಯಾಗುತ್ತದೆ, ಇಳಿತ ಇನ್ನೂ ಕಡಿದಾಗುತ್ತದೆ. ವಿಮಾನದವರು ಇದನ್ನು ಸಾವಿನ ಸುರುಳಿ ಎನ್ನುತ್ತಾರೆ. ಕೆಲವರು ಕೊನೇ ಗಳಿಗೆಯಲ್ಲಿ ಮೀಟರ್ ನೋಡಿ ರೆಕ್ಕೆ ಸಮ ಮಾಡುತ್ತಾರೆ. ಆಗ ಕಿವಿ ‘ಬಲಕ್ಕೆ ಬೀಳುತ್ತಿದ್ದೀಯ’ ಎಂದು ಕೂಗುತ್ತದೆ, ಆ ಮಾತಿಗೆ ಬಗ್ಗಿ ಮತ್ತೆ ಎಡಕ್ಕೇ ವಾಲಿಸುತ್ತಾರೆ. ಕುರ್ಚಿ ನಿಂತ ಮೇಲೆ ಹೆಬ್ಬೆರಳು ಎಡಕ್ಕೆ ಹೋಯಿತಲ್ಲ, ಅದೇ ಇದು.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಂದು ಪ್ರಯೋಗ ಮಾಡಿದರು. ಇನ್‌ಸ್ಟ್ರುಮೆಂಟ್ ಹಾರಾಟ, ಅಂದರೆ ಮೀಟರುಗಳನ್ನಷ್ಟೇ ನೋಡಿ ಹಾರಿಸುವುದನ್ನು ಕಲಿಯದ 20 ಪೈಲಟ್‌ಗಳಿಗೆ, ಹೊರಗಿನದೇನೂ ಕಾಣದ ಹಾಗೆ ಮಾಡಿ ಹಾರಲು ಬಿಟ್ಟರು. ಪಕ್ಕದಲ್ಲಿ ಬೋಧಕರು ಇದ್ದರು. ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು: 19 ಜನ ಸುರುಳಿಗೆ ಬಿದ್ದರು, ಒಬ್ಬರು ಮೂತಿ ಮೇಲೆತ್ತಿ ಸ್ಟಾಲ್ ಆದರು, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡಿತು. ಒಬ್ಬರು 20 ಸೆಕೆಂಡಿಗೇ, ಇನ್ನೊಬ್ಬರು 8 ನಿಮಿಷಕ್ಕೆ. ಸರಾಸರಿ 178 ಸೆಕೆಂಡು. ಮೂರು ನಿಮಿಷವೂ ಇಲ್ಲ. ಇವರೆಲ್ಲ ಬಿಸಿಲಿನಲ್ಲಿ ಚೆನ್ನಾಗಿಯೇ ಹಾರಿಸುತ್ತಿದ್ದವರು.

ಮೋಡವೇ ಬೇಕೆಂದಿಲ್ಲ. ಚಳಿಗಾಲದ ಬೆಳಗ್ಗೆ ಮಂಡ್ಯದ ನಾಲಾ ಬಯಲಿನ ಮೇಲೆ ಹಾಸುವ ಮಂಜು ಸಾಕು, ಕೆಆರ್‌ಎಸ್ ಹಿನ್ನೀರಿನ ಮೇಲಿನ ಅಮಾವಾಸ್ಯೆ ರಾತ್ರಿ ಸಾಕು. ಕತ್ತಲಲ್ಲಿ ಬೆಟ್ಟದ ರಸ್ತೆಯ ದೀಪಗಳು ಓರೆಯಾಗಿ ಸಾಲುಗಟ್ಟಿರುತ್ತವೆ, ಕಣ್ಣು ಅದನ್ನೇ ದಿಗಂತ ಎಂದುಕೊಂಡು ವಿಮಾನವನ್ನು ಆ ಗೆರೆಗೆ ಸಮ ಮಾಡಲು ಹೋಗುತ್ತದೆ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,300 ಅಡಿಗೂ ಮೇಲಿದೆ. ಅದರ ಉತ್ತರಕ್ಕೆ ಹತ್ತಿರದಲ್ಲೇ ಇರುವ ಚಾಮುಂಡಿ ಬೆಟ್ಟ ಸುಮಾರು 3,500 ಅಡಿ. ಅಂದರೆ ಹಗಲಲ್ಲಿ ಗುರುತಿಗೆ ಒಳ್ಳೆಯ ಹೆಗ್ಗುರುತಾದ ಬೆಟ್ಟ, ಮೋಡ ಇಳಿದ ದಿನ ರನ್‌ವೇಗಿಂತ ಸಾವಿರ ಅಡಿಗೂ ಎತ್ತರದ ಕಲ್ಲಿನ ಗೋಡೆ.

ದೇಹವನ್ನು ನಂಬಬಾರದು ಎಂಬುದನ್ನು ಪೈಲಟ್‌ಗಳೇ ಸುಲಭವಾಗಿ ಒಪ್ಪಲಿಲ್ಲ. ‘ನನ್ನ ಆಸನವೇ ನನಗೆ ಹೇಳುತ್ತೆ’ ಎನ್ನುವುದು ವಿಮಾನಗಳ ಆರಂಭದ ಕಾಲದ ಹೆಮ್ಮೆ. ಕಿವಿಯ ವೈದ್ಯರು ಬಳಸುತ್ತಿದ್ದ ಈ ತಿರುಗುವ ಕುರ್ಚಿಗೆ ಆಸ್ಟ್ರಿಯಾದ ವೈದ್ಯ ರಾಬರ್ಟ್ ಬಾರಾನಿ ಅವರ ಹೆಸರಿದೆ. ಒಳಗಿವಿಯ ಸಂಶೋಧನೆಗೆ ಅವರಿಗೆ 1914ರ ನೊಬೆಲ್ ಬಂತು. ಅಂಥದೇ ಕುರ್ಚಿಯಲ್ಲಿ ಕೂತು 1926ರಲ್ಲಿ ತಾನು ಸುತ್ತುವ ದಿಕ್ಕನ್ನೇ ತಪ್ಪಾಗಿ ಹೇಳಿದವರು ಅಮೆರಿಕದ ಸೇನೆಯ ಅನುಭವಿ ಪೈಲಟ್ ವಿಲಿಯಂ ಆಕರ್. ಮುಂದೆ ಅದೇ ಕುರ್ಚಿಯನ್ನು ಅವರು ಪಾಠಕ್ಕೆ ಬಳಸಿದರು. 1929ರ ಸೆಪ್ಟೆಂಬರ್ 24ರಂದು ಅಮೆರಿಕದ ಪೈಲಟ್ ಜಿಮ್ಮಿ ಡೂಲಿಟಲ್ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು, ಮೀಟರುಗಳನ್ನೇ ನೋಡುತ್ತಾ ಮೇಲೇರಿ, ಸುತ್ತು ಹಾಕಿ, ಇಳಿದರು. ಮುಂದಿನ ಆಸನದಲ್ಲಿ ಇನ್ನೊಬ್ಬ ಪೈಲಟ್ ಬೆನ್ ಕೆಲ್ಸಿ ಬೇಕಾದರೆ ಕಾಪಾಡಲು ಕೂತಿದ್ದರು. ಅವತ್ತು ಹೊಸದಾಗಿ ಇದ್ದದ್ದು ಮೂತಿ, ರೆಕ್ಕೆ ಎಷ್ಟು ವಾಲಿವೆ ಎಂದು ತೋರಿಸುವ ಕೃತಕ ದಿಗಂತ, ದಿಕ್ಕು ತೋರಿಸುವ ಜೈರೊ, ಎತ್ತರ ಹೇಳುವ ಸೂಕ್ಷ್ಮವಾದ ಆಲ್ಟಿಮೀಟರ್, ಜೊತೆಗೆ ರೇಡಿಯೊ ದಾರಿ.

ಇವತ್ತಿನ ತರಬೇತಿ ವಿಮಾನದ ಎದುರು ಹಲಗೆಯಲ್ಲೂ ಆರು ಮೀಟರುಗಳಿರುತ್ತವೆ. ಹೊಸ ವಿಮಾನಗಳಲ್ಲಿ ಪರದೆಯ ಮೇಲೆ ಚಿತ್ರವಾಗಿ ಬರುತ್ತವೆ, ಅಷ್ಟೇ ವ್ಯತ್ಯಾಸ. ಹೆಸರುಗಳನ್ನು ಬಾಯಿಪಾಠ ಮಾಡುವ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮೀಟರಿಗೆ ಸುದ್ದಿ ಎಲ್ಲಿಂದ ಬರುತ್ತದೆ? ಮೂರಕ್ಕೆ ಗಾಳಿಯಿಂದ, ಮೂರಕ್ಕೆ ಬುಗುರಿಯಿಂದ.

ಗಾಳಿಯವು ವೇಗದ ಮೀಟರ್, ಎತ್ತರದ ಆಲ್ಟಿಮೀಟರ್, ಏರಿಳಿತದ ಮೀಟರ್. ರೆಕ್ಕೆಯ ಕೆಳಗೆ ಮುಂದಕ್ಕೆ ಬಾಯಿ ತೆರೆದ ಒಂದು ಸಣ್ಣ ಕೊಳವೆ ಇರುತ್ತದೆ, ಪಿಟೊ ಟ್ಯೂಬ್. ಎದುರು ಗಾಳಿಯ ಒತ್ತಡ ಅದರೊಳಗೆ ಬರುತ್ತದೆ. ವಿಮಾನದ ಪಕ್ಕದಲ್ಲಿ ಒಂದು ತೂತಿದೆ, ಸ್ಟ್ಯಾಟಿಕ್ ಪೋರ್ಟ್. ಸುತ್ತಲಿನ ಗಾಳಿಯ ಒತ್ತಡ ಅಲ್ಲಿಂದ. ವೇಗದ ಮೀಟರಿಗೆ ಎರಡೂ ಬೇಕು, ಉಳಿದ ಎರಡಕ್ಕೆ ಪಕ್ಕದ ತೂತು ಮಾತ್ರ. ಪಕ್ಕದ ತೂತು ಮುಚ್ಚಿದರೆ ಆಲ್ಟಿಮೀಟರ್ ಇದ್ದಲ್ಲೇ ನಿಲ್ಲುತ್ತದೆ, ಏರಿಳಿತ ಸೊನ್ನೆಗೆ ಬರುತ್ತದೆ, ಏರುತ್ತಾ ಹೋದಂತೆ ವೇಗ ನಿಜಕ್ಕಿಂತ ಕಡಿಮೆ ತೋರುತ್ತದೆ. ಪಿಟೊ ಕೊಳವೆ ಪೂರ್ತಿ ಕಟ್ಟಿಕೊಂಡರೆ ಇನ್ನೂ ಮೋಸ: ಏರಿದ ಹಾಗೆಲ್ಲ ವೇಗದ ಮುಳ್ಳೂ ಏರುತ್ತದೆ. ವೇಗ ಹೆಚ್ಚಾಯಿತೆಂದು ಪೈಲಟ್ ಮೂತಿಯನ್ನು ಇನ್ನೂ ಎತ್ತುತ್ತಾರೆ, ನಿಜವಾದ ವೇಗ ಬಿದ್ದುಹೋಗುತ್ತದೆ. ಕಟ್ಟುವುದು ಹೇಗೆ? ಮಂಜುಗಡ್ಡೆ, ಮಳೆನೀರು, ನಮ್ಮ ಕಡೆ ಮುಖ್ಯವಾಗಿ ಮಣ್ಣಿನ ಗೂಡು ಕಟ್ಟುವ ಕಡಜ. ಕಿಟಕಿ ಸಂದಿಯಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಅದು ಗೂಡು ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಪಿಟೊ ಕೊಳವೆ ಅದಕ್ಕೆ ಹೇಳಿ ಮಾಡಿಸಿದ ಅಳತೆ. ಅದಕ್ಕೇ ವಿಮಾನ ನಿಂತ ಕೂಡಲೇ ಕೊಳವೆಗೆ ಕೆಂಪು ಪಟ್ಟಿ ಇರುವ ಚೀಲ ಹಾಕುವುದು. ಹೊರಡುವ ಮುಂಚೆ ಅದನ್ನು ತೆಗೆಯುವುದು ಮರೆತರೂ ಅಷ್ಟೇ ಅಪಾಯ. ರನ್‌ವೇ ಮೇಲೆ ಓಡುವಾಗ ವೇಗದ ಮುಳ್ಳು ಜೀವ ತಳೆಯಿತೇ ಎಂದು ನೋಡಿ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸಬೇಕು.

ಆಲ್ಟಿಮೀಟರ್ ಬಗ್ಗೆ ಒಂದು ಲೆಕ್ಕ. ಅದು ಎತ್ತರವನ್ನು ನೋಡುವುದೇ ಇಲ್ಲ, ಒತ್ತಡವನ್ನು ನೋಡಿ ಎತ್ತರ ಅಂತ ಹೇಳುತ್ತದೆ. ಆದ್ದರಿಂದ ಅವತ್ತಿನ ಒತ್ತಡವನ್ನು ಕಂಟ್ರೋಲ್ ಟವರ್‌ನಿಂದ ಕೇಳಿ ಅದರ ಸಣ್ಣ ಕಿಂಡಿಯಲ್ಲಿ ಕೂರಿಸಬೇಕು. ಒತ್ತಡದ ಅಳತೆ ಹೆಕ್ಟೊಪ್ಯಾಸ್ಕಲ್. ಕೆಳಮಟ್ಟದಲ್ಲಿ 1 ಹೆಕ್ಟೊಪ್ಯಾಸ್ಕಲ್ ಅಂದರೆ ಸುಮಾರು 28 ಅಡಿ. ಒತ್ತಡ 1006 ಇರುವ ಮಳೆಗಾಲದ ದಿನ ಕಿಂಡಿಯಲ್ಲಿ 1013 ಬಿಟ್ಟಿದ್ದರೆ 7 ಗುಣಿಸು 28, ಹತ್ತಿರಹತ್ತಿರ 200 ಅಡಿ. ಮೀಟರ್ ತೋರಿಸುವುದಕ್ಕಿಂತ ನೀವು 200 ಅಡಿ ಕೆಳಗಿದ್ದೀರಿ. ಈ 200 ಎಂಬ ಸಂಖ್ಯೆ ನೆನಪಿರಲಿ, ಇಳಿಯುವಾಗ ಮತ್ತೆ ಬರುತ್ತದೆ.

ಇನ್ನು ಬುಗುರಿ. ಜೋರಾಗಿ ತಿರುಗುವ ಬುಗುರಿ ತನ್ನ ಅಚ್ಚನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕೈಯ ಮೇಲೆ ಆಡಿಸಿದವರಿಗೆ ಗೊತ್ತು: ಕೈ ಓರೆಯಾದರೂ ಬುಗುರಿ ನೆಟ್ಟಗೇ ಇರುತ್ತದೆ. ಜೈರೊ ಅದೇ ಬುಗುರಿ. ವಿಮಾನ ಅದರ ಸುತ್ತ ವಾಲುತ್ತದೆ, ಅದು ವಾಲುವುದಿಲ್ಲ. ಕೃತಕ ದಿಗಂತ, ದಿಕ್ಕಿನ ಮೀಟರ್, ತಿರುವಿನ ಮೀಟರ್ ಮೂರೂ ಇದರ ಮೇಲೆ ನಿಂತಿವೆ. ಹಳೆಯ ಮಾದರಿಯ ಸೆಸ್ನಾ ತರಬೇತಿ ವಿಮಾನದಲ್ಲಿ ಮೊದಲ ಎರಡನ್ನು ಎಂಜಿನ್ನಿಗೆ ಜೋಡಿಸಿದ ವ್ಯಾಕ್ಯೂಮ್ ಪಂಪು ಗಾಳಿ ಎಳೆದು ತಿರುಗಿಸುತ್ತದೆ. ತಿರುವಿನ ಮೀಟರ್ ಮಾತ್ರ ಕರೆಂಟಿನದು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಅಂತ ಬೇಕೆಂದೇ ಹೀಗೆ ಮಾಡಿದ್ದಾರೆ.

ದಿಕ್ಕಿನ ಜೈರೊಗೆ ಒಂದು ಸೊಗಸಾದ ದೋಷವಿದೆ. ಬುಗುರಿ ಆಕಾಶದಲ್ಲಿ ಒಂದೇ ಕಡೆ ನೋಡುತ್ತದೆ, ಅದರ ಕೆಳಗೆ ಭೂಮಿಯೇ ಗಂಟೆಗೆ 15 ಡಿಗ್ರಿ ತಿರುಗುತ್ತಿದೆ. ಎಷ್ಟು ತಪ್ಪು ಕಾಣುತ್ತದೆ ಎನ್ನುವುದು ಅಕ್ಷಾಂಶದ ಸೈನ್ ಮೇಲೆ ನಿಂತಿದೆ. ಮೈಸೂರು 12 ಡಿಗ್ರಿ ಚಿಲ್ಲರೆ, ಆದ್ದರಿಂದ ಗಂಟೆಗೆ ಸುಮಾರು 3 ಡಿಗ್ರಿ. ದೆಹಲಿಯಲ್ಲಿ ಸುಮಾರು 7. ಜೊತೆಗೆ ಬೇರಿಂಗಿನ ಘರ್ಷಣೆಯ ತಪ್ಪು ಬೇರೆ. ಹಾಗಾಗಿ 15 ನಿಮಿಷಕ್ಕೊಮ್ಮೆ ಅದನ್ನು ಕಾಂತ ದಿಕ್ಸೂಚಿಗೆ ಸರಿಹೊಂದಿಸಬೇಕು. ಅದೂ ವಿಮಾನ ನೇರವಾಗಿ, ಸಮವಾಗಿ, ವೇಗ ಬದಲಿಸದೆ ಹೋಗುವಾಗ ಮಾತ್ರ, ಯಾಕೆಂದರೆ ತಿರುವಿನಲ್ಲಿ ದಿಕ್ಸೂಚಿಯೇ ಸುಳ್ಳು ಹೇಳುತ್ತದೆ. ಪುಸ್ತಕದಲ್ಲಿ ಈ ತಪ್ಪನ್ನು ದೊಡ್ಡದಾಗಿ ಬರೆದಿರುತ್ತಾರೆ. ನಮ್ಮ ಕಡೆ ಅದು ಅಷ್ಟು ಕಾಣುವುದಿಲ್ಲ. ಕಾಂತ ಮುಳ್ಳು ಕೆಳಕ್ಕೆ ಬಾಗದೆ ನೆಲಕ್ಕೆ ಸಮವಾಗಿ ನಿಲ್ಲುವ ಗೆರೆ, ಕಾಂತ ಸಮಭಾಜಕ, ಹಾದುಹೋಗುವುದು ನಮ್ಮ ದಕ್ಷಿಣಕ್ಕೆ ಹತ್ತಿರದಲ್ಲೇ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಲ್ಲಿ ರಾಕೆಟ್ ಕೇಂದ್ರ ಕಟ್ಟಿದ್ದೂ ಆ ಕಾರಣಕ್ಕೇ. ಇಲ್ಲಿ ಕಲಿತು ಉತ್ತರಕ್ಕೆ ಹೋದವರು ದಿಕ್ಸೂಚಿಯ ಹೊಸ ಸ್ವಭಾವಕ್ಕೆ ತಯಾರಾಗಿರಬೇಕು.

ಆರು ಮೀಟರನ್ನೂ ಒಂದೇ ಸಲ ನೋಡಲಾಗುವುದಿಲ್ಲ. ಕಣ್ಣು ಸುತ್ತಬೇಕು, ಆದರೆ ಸುಮ್ಮನೆ ಗಡಿಯಾರದ ಹಾಗಲ್ಲ. ಕೃತಕ ದಿಗಂತ ಮನೆ ಇದ್ದ ಹಾಗೆ. ಮನೆಯಿಂದ ಹೊರಟು ಎತ್ತರ ನೋಡಿ ಮನೆಗೆ, ದಿಕ್ಕು ನೋಡಿ ಮನೆಗೆ, ವೇಗ ನೋಡಿ ಮನೆಗೆ. ಒಂದೊಂದರ ಮೇಲೆ ಒಂದೆರಡು ಸೆಕೆಂಡು. ಕಲಿಯುವವರಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಒಂದರ ಮೇಲೇ ಕಣ್ಣು ನೆಡುವುದು. ಎತ್ತರ 100 ಅಡಿ ತಪ್ಪಿತೆಂದು ಆಲ್ಟಿಮೀಟರನ್ನೇ ದಿಟ್ಟಿಸುತ್ತಾರೆ, ಅದು ಸರಿಯಾಗುವಷ್ಟರಲ್ಲಿ ದಿಕ್ಕು 20 ಡಿಗ್ರಿ ಸರಿದಿರುತ್ತದೆ. ಇನ್ನೊಂದು ತಪ್ಪು ಕಂಟ್ರೋಲನ್ನು ಬಿಗಿಯಾಗಿ ಹಿಡಿಯುವುದು. ಮುಷ್ಟಿ ಬಿಗಿದ ಕೈಗೆ ತಾನು ಎಳೆಯುತ್ತಿರುವುದೇ ತಿಳಿಯುವುದಿಲ್ಲ. ಎರಡು ಬೆರಳು, ಒಂದು ಹೆಬ್ಬೆರಳು ಸಾಕು. ಉಳಿದ ಭಾರವನ್ನು, ಕಂಟ್ರೋಲನ್ನು ಇಟ್ಟಲ್ಲೇ ನಿಲ್ಲಿಸುವ ಟ್ರಿಮ್ ಚಕ್ರ ಹೊರಲಿ.

ಮುಳ್ಳುಗಳ ಹಿಂದೆ ಓಡಬಾರದು. ಮೂತಿಯ ಕೋನ ಇಷ್ಟು, ಎಂಜಿನ್ ಇಷ್ಟು ಎಂದು ಇಟ್ಟರೆ ವಿಮಾನ ಇಂಥ ವೇಗದಲ್ಲೇ ಹೋಗುತ್ತದೆ. ಸೆಸ್ನಾ 172ರಂಥದ್ದರಲ್ಲಿ ಸಮ ಹಾರಾಟಕ್ಕೆ 2,300ರ ಆಸುಪಾಸು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಇಟ್ಟರೆ ವೇಗ 100 ನಾಟ್ ಹತ್ತಿರ ಬರುತ್ತದೆ. ನಾಟ್ ಎಂಬುದು ವಿಮಾನದವರ ವೇಗದ ಅಳತೆ. ಏರುವುದಕ್ಕೆ, ಸಮಕ್ಕೆ, ಇಳಿಯುವುದಕ್ಕೆ ನಿಮ್ಮ ವಿಮಾನದ ಸಂಖ್ಯೆಗಳನ್ನು ಒಳ್ಳೆಯ ಹವೆಯ ದಿನ ಹಾರಿಸಿ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೋಡದಲ್ಲಿ ಮೊದಲು ಚೀಟಿಯ ಸಂಖ್ಯೆ ಇಡುವುದು, ಆಮೇಲೆ ಮುಳ್ಳು ನೋಡಿ ಚೂರು ತಿದ್ದುವುದು. ತಿರುವಿಗೂ ಲೆಕ್ಕವಿದೆ: ಸೆಕೆಂಡಿಗೆ 3 ಡಿಗ್ರಿ, ಪೂರ್ತಿ ಸುತ್ತಿಗೆ 2 ನಿಮಿಷ. ಎಷ್ಟು ವಾಲಿಸಬೇಕು? ವೇಗದ ಹತ್ತನೇ ಒಂದು ಭಾಗ, ಜೊತೆಗೆ ಅದರ ಅರ್ಧ. 100 ನಾಟ್‌ಗೆ 10 ಕೂಡಿಸು 5, 15 ಡಿಗ್ರಿ. ಬೇಕಾದ ದಿಕ್ಕಿಗೆ ಏಳೆಂಟು ಡಿಗ್ರಿ ಇರುವಾಗಲೇ ರೆಕ್ಕೆ ಸಮ ಮಾಡಲು ಶುರುಮಾಡಬೇಕು. ನಿಮಿಷಕ್ಕೆ 500 ಅಡಿ ಏರುತ್ತಿದ್ದರೆ ಬೇಕಾದ ಎತ್ತರಕ್ಕೆ 50 ಅಡಿ ಮುಂಚೆ.

ಇಳಿಯುವ ವಿಷಯಕ್ಕೆ ಬರೋಣ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ಐಎಲ್‌ಎಸ್ ಎಂಬ, ಇಳಿಯುವ ದಾರಿ ತೋರಿಸುವ ವ್ಯವಸ್ಥೆ ಇರುತ್ತದೆ. ನೆಲದಿಂದ ಎರಡು ರೇಡಿಯೊ ಕಿರಣ: ಒಂದು ರನ್‌ವೇಯ ಗೆರೆ ಹೇಳುತ್ತದೆ, ಇನ್ನೊಂದು 3 ಡಿಗ್ರಿ ಇಳಿಜಾರು ಹೇಳುತ್ತದೆ. ಕಾಕ್‌ಪಿಟ್‌ನಲ್ಲಿ ಒಂದು ನಿಂತ ಮುಳ್ಳು, ಒಂದು ಅಡ್ಡ ಮುಳ್ಳು. ನೆಲದ ಮೇಲಿನ ವೇಗವನ್ನು 5ರಿಂದ ಗುಣಿಸಿದರೆ ಇಳಿಯಬೇಕಾದ ದರ ಸಿಗುತ್ತದೆ: 90 ನಾಟ್‌ಗೆ ನಿಮಿಷಕ್ಕೆ 450 ಅಡಿ. ಎದುರು ಗಾಳಿ 15 ನಾಟ್ ಇದ್ದರೆ ನೆಲದ ವೇಗ 75, ದರ 375. ಇದನ್ನು ಮುಂಚೆಯೇ ಲೆಕ್ಕ ಹಾಕಿಕೊಂಡವರಿಗೆ ಅಡ್ಡ ಮುಳ್ಳು ಹೆಚ್ಚು ಕಾಟ ಕೊಡುವುದಿಲ್ಲ. ಈ ಕಿರಣಗಳು ಆಲಿಕೆಯ ಹಾಗೆ, ರನ್‌ವೇ ಹತ್ತಿರವಾದಂತೆ ಕಿರಿದಾಗುತ್ತವೆ. ದೂರದಲ್ಲಿ 5 ಡಿಗ್ರಿ ತಿದ್ದಿದ ಕೈ ಹತ್ತಿರದಲ್ಲಿ 2 ಡಿಗ್ರಿಗೆ ಇಳಿಯಬೇಕು. ಅದೇ 5 ಡಿಗ್ರಿ ಮುಂದುವರಿಸಿದರೆ ಎಡ ಬಲ ಎಡ ಅಂತ ಹಾವಿನ ಹಾಗೆ ಹೊರಳುತ್ತೀರಿ.

ಸಾಮಾನ್ಯ ದರ್ಜೆಯ ಐಎಲ್‌ಎಸ್‌ನಲ್ಲಿ ರನ್‌ವೇಗಿಂತ 200 ಅಡಿ ಮೇಲೆ ತೀರ್ಮಾನ ಆಗಬೇಕು. ರನ್‌ವೇ ದೀಪ ಕಂಡಿತೇ, ಇಳಿಯಿರಿ. ಇಲ್ಲವೇ, ಮೇಲೇರಿ. ಆ 7 ಹೆಕ್ಟೊಪ್ಯಾಸ್ಕಲ್ ತಪ್ಪು ನೆನಪಿದೆಯಲ್ಲ? ಅದು ಈ 200 ಅಡಿಯನ್ನು ಪೂರ್ತಿ ನುಂಗಿಬಿಡುತ್ತದೆ. ತಪ್ಪಿಲ್ಲದಿದ್ದರೂ ಅಲ್ಲಿಂದ ನೆಲಕ್ಕೆ ಇರುವುದು 27 ಸೆಕೆಂಡು, ‘ಇನ್ನೊಂದು ಕ್ಷಣ ನೋಡೋಣ’ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ. ಮೇಲೇರುವಾಗ ಇನ್ನೊಂದು ಮೋಸ ಕಾದಿದೆ. ಎಂಜಿನ್ ಪೂರ್ತಿ ಕೊಟ್ಟಾಗ ಬೆನ್ನು ಆಸನಕ್ಕೆ ಒತ್ತುತ್ತದೆ. ಒಳಗಿವಿಯ ಸುಣ್ಣದ ಹರಳುಗಳು ಹಿಂದಕ್ಕೆ ಜರುಗಿ ‘ಮೂತಿ ತುಂಬಾ ಮೇಲೆದ್ದಿದೆ’ ಎನ್ನುತ್ತವೆ. ಅದನ್ನು ನಂಬಿ ಮೂತಿ ತಗ್ಗಿಸಿದರೆ ನೆಲ ಹತ್ತಿರದಲ್ಲೇ ಇದೆ. ಆದ್ದರಿಂದ ಕ್ರಮ ಇದು: ಎಂಜಿನ್, ಮೂತಿ ಮೇಲೆ, ದಿಗಂತದಲ್ಲಿ ಕೋನ ಸರಿ, ಆಲ್ಟಿಮೀಟರ್ ಏರುತ್ತಿದೆ. ರೇಡಿಯೊದಲ್ಲಿ ಮಾತು ಆಮೇಲೆ.

‘ನಿಮ್ಮ ಮೀಟರುಗಳನ್ನು ನಂಬಿ’ ಎಂದು ಎಲ್ಲ ಕಡೆ ಹೇಳುತ್ತಾರೆ. ಅದು ಅರ್ಧ ಪಾಠ, ಉಳಿದರ್ಧ ಕಲಿಯದವರಿಗೆ ಅದೇ ಅಪಾಯ. 1978ರ ಜನವರಿ 1ರ ರಾತ್ರಿ ಬೊಂಬಾಯಿಯಿಂದ ದುಬೈಗೆ ಹೊರಟ ಏರ್ ಇಂಡಿಯಾ 855, ಬೋಯಿಂಗ್ 747, ಹೊರಟ 101 ಸೆಕೆಂಡಿಗೆ ಬಾಂದ್ರಾ ಕಡಲಿಗೆ ಬಿತ್ತು. 213 ಜನ ಹೋದರು. ಬಲಕ್ಕೆ ತಿರುಗಿ ವಿಮಾನ ಸಮಕ್ಕೆ ಬಂದಿತ್ತು, ಆದರೆ ಕ್ಯಾಪ್ಟನ್ ಎದುರಿನ ದಿಗಂತದ ಮೀಟರ್ ಇನ್ನೂ ಬಲಕ್ಕೆ ವಾಲಿದೆ ಎಂದೇ ತೋರಿಸುತ್ತಿತ್ತು. ಅದನ್ನು ನಂಬಿ ಅವರು ಎಡಕ್ಕೆ ವಾಲಿಸುತ್ತಾ ಹೋದರು. ಆಚೆ ಕತ್ತಲ ಕಡಲು, ದಿಗಂತವಿಲ್ಲ. ಅದೇ ಕಾಕ್‌ಪಿಟ್‌ನಲ್ಲಿ ಸಹ ಪೈಲಟ್‌ನ ದಿಗಂತ ಇತ್ತು, ನಡುವೆ ಮೂರನೆಯ ಬದಲಿ ದಿಗಂತವೂ ಇತ್ತು. ಕ್ಯಾಪ್ಟನ್ ಎದುರಿನ ಮೀಟರನ್ನು ನೋಡಬೇಡಿ ಎಂದು ಫ್ಲೈಟ್ ಎಂಜಿನಿಯರ್ ಎಚ್ಚರಿಸುವ ಹೊತ್ತಿಗೆ ಕಾಲ ಮೀರಿತ್ತು.

ನಂಬಬೇಕಾದ್ದು ಒಂದು ಮುಳ್ಳನ್ನಲ್ಲ, ಬೇರೆಬೇರೆ ಮೂಲದಿಂದ ಸುದ್ದಿ ತರುವ ಮುಳ್ಳುಗಳು ಒಪ್ಪುವ ಮಾತನ್ನು. ಊರಲ್ಲಿ ಪಂಚಾಯಿತಿ ಕೂತಾಗ ಒಂದೇ ಮನೆಯ ಇಬ್ಬರು ಸಾಕ್ಷಿ ಹೇಳಿದರೆ ಅದು ಎರಡು ಸಾಕ್ಷಿ ಆಗುತ್ತದೆಯೇ? ವ್ಯಾಕ್ಯೂಮ್ ಪಂಪಿನ ಮೇಲೆ ನಿಂತ ಎರಡು ಮೀಟರುಗಳು ಒಂದೇ ಮನೆಯವು. ದಿಗಂತ ಎಡಕ್ಕೆ ವಾಲಿದೆ ಎಂದರೆ ದಿಕ್ಕು ಎಡಕ್ಕೆ ಓಡುತ್ತಿರಬೇಕು, ಕರೆಂಟಿನ ತಿರುವಿನ ಮೀಟರೂ ಎಡ ತೋರಿಸಬೇಕು. ತೋರಿಸದಿದ್ದರೆ ದಿಗಂತದ ಮೇಲೆ ಅನುಮಾನ ಪಡಿ, ವ್ಯಾಕ್ಯೂಮ್ ಗೇಜು ನೋಡಿ. ಪಂಪು ಕೆಟ್ಟಾಗ ದಿಗಂತ ಥಟ್ಟನೆ ಬೀಳುವುದಿಲ್ಲ. ಬುಗುರಿ ನಿಧಾನವಾಗುತ್ತಾ ನಿಮಿಷಗಟ್ಟಲೆ ಮೆಲ್ಲಗೆ ವಾಲುತ್ತದೆ, ಪೈಲಟ್ ಅದರ ಜೊತೆಗೇ ವಾಲುತ್ತಾ ಹೋಗುತ್ತಾರೆ. ಕೆಟ್ಟಿದೆ ಎಂದು ಗೊತ್ತಾದ ತಕ್ಷಣ ಅದನ್ನು ಮುಚ್ಚಿ. ಒಂದು ತುಂಡು ಕಾಗದ ಸಾಕು. ಕಣ್ಣಿಗೆ ಬೀಳುತ್ತಿರುವವರೆಗೆ ಮನಸ್ಸು ಅದನ್ನು ಬಿಡುವುದಿಲ್ಲ.

ಮೀಟರ್ ನೋಡಿಯೇ ಹಾರಲು ಬೇಕಾದ ಅರ್ಹತೆಗೆ, ಅಂದರೆ ಇನ್‌ಸ್ಟ್ರುಮೆಂಟ್ ರೇಟಿಂಗ್‌ಗೆ, ಅಂತರರಾಷ್ಟ್ರೀಯ ಮಟ್ಟ 40 ಗಂಟೆ ಇನ್‌ಸ್ಟ್ರುಮೆಂಟ್ ಹಾರಾಟ. ಅದರಲ್ಲಿ ಒಂದು ಪಾಲನ್ನು ಸಿಮ್ಯುಲೇಟರ್‌ನಲ್ಲಿ ಮಾಡಬಹುದು. ಮನೆಯ ಕಂಪ್ಯೂಟರ್ ಸಿಮ್ಯುಲೇಟರ್ ಕಣ್ಣಿನ ಸುತ್ತಿಗೆ, ಲೆಕ್ಕಕ್ಕೆ ಬಹಳ ಒಳ್ಳೆಯದು, ಮಾಡಿ. ಆದರೆ ಅಲ್ಲಿ ನಿಮ್ಮ ಕುರ್ಚಿ ಅಲುಗುವುದಿಲ್ಲ, ಕಿವಿ ಸುಳ್ಳು ಹೇಳುವುದೇ ಇಲ್ಲ. ಆ ಸುಳ್ಳನ್ನು ಕೇಳಿಯೂ ಕೈ ಸುಮ್ಮನಿರುವುದನ್ನು ವಿಮಾನದಲ್ಲೇ ಕಲಿಯಬೇಕು.

ಅದಕ್ಕೊಂದು ಪಾಠವಿದೆ. ಮೀಟರುಗಳಷ್ಟೇ ಕಾಣುವಂತೆ ಕಣ್ಣಿಗೆ ಮರೆ ಕಟ್ಟಿದ ವಿದ್ಯಾರ್ಥಿಗೆ ಬೋಧಕರು ‘ಕಣ್ಣು ಮುಚ್ಚಿ, ತಲೆ ಬಗ್ಗಿಸಿ’ ಎನ್ನುತ್ತಾರೆ. ಕುರ್ಚಿಯಲ್ಲಿ ಮಾಡಬೇಡಿ ಎಂದೆನಲ್ಲ, ಅದೇ. ತಿರುಗುವಾಗ ತಲೆ ಬಗ್ಗಿಸಿದರೆ ಮೂರು ನಾಳಗಳೂ ಒಟ್ಟಿಗೆ ಕಲಕಿ, ಉರುಳಿಬೀಳುತ್ತಿದ್ದೇನೆ ಅನ್ನಿಸುತ್ತದೆ. ಅಷ್ಟರಲ್ಲಿ ಬೋಧಕರು ವಿಮಾನವನ್ನು ಅಡ್ಡಾದಿಡ್ಡಿ ಮಾಡಿ ‘ಈಗ ನಿಮ್ಮದು’ ಎನ್ನುತ್ತಾರೆ. ಕಣ್ಣು ಬಿಟ್ಟವರು ಮೊದಲು ವೇಗದ ಮುಳ್ಳು ನೋಡಬೇಕು. ವೇಗ ಬೀಳುತ್ತಿದೆ ಎಂದರೆ ಮೂತಿ ಮೇಲಿದೆ: ಎಂಜಿನ್ ಹೆಚ್ಚಿಸಿ, ಮೂತಿ ತಗ್ಗಿಸಿ, ಆಮೇಲೆ ರೆಕ್ಕೆ ಸಮ. ವೇಗ ಏರುತ್ತಿದೆ ಎಂದರೆ ಮೂತಿ ಕೆಳಗಿದೆ: ಎಂಜಿನ್ ಕಡಿಮೆ ಮಾಡಿ, ರೆಕ್ಕೆ ಸಮ ಮಾಡಿ, ಆಮೇಲೆಯೇ ಮೂತಿ ಎತ್ತಿ. ಈ ಎರಡನೆಯದರಲ್ಲಿ ಕ್ರಮ ತಪ್ಪಬಾರದು. ನೆಲ ಹತ್ತಿರ ಬರುತ್ತಿದೆ ಎಂದು ಗೊತ್ತಾದಾಗ ಕೈ ತಾನಾಗಿ ಎಳೆಯಲು ಹೋಗುತ್ತದೆ. ರೆಕ್ಕೆ ವಾಲಿರುವಾಗ ಎಳೆದರೆ ಅದು ಆ ಸುರುಳಿಯೇ. ಎರಡು ಸೆಕೆಂಡು ಕೈ ತಡೆದು ರೆಕ್ಕೆ ಸಮ ಮಾಡಿಕೊಂಡರೆ ಅದೇ ಎಳೆತ ವಿಮಾನವನ್ನು ಮೇಲಕ್ಕೆ ತರುತ್ತದೆ.